ಕ್ವರ್ಕಿ ಅಂದರೆ ಏನು, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ವಿಮರ್ಶೆ, ಕೆಫೆ ರಿವ್ಯೂ, ಆನ್‌ಲೈನ್ ಅಂಗಡಿ, ಆಫೀಸಿನ ಬೀಳ್ಕೊಡುಗೆ ಭಾಷಣ, ಎಲ್ಲ ಕಡೆ ಈಗ ಕ್ವರ್ಕಿ ಅನ್ನುವ ಇಂಗ್ಲಿಷ್ ಪದ ಓಡಾಡುತ್ತಿದೆ. ಓದುವಾಗ ಅರ್ಥ ಅಂದಾಜಾಗುತ್ತದೆ. ನಾವೇ ಬಳಸಲು ಹೋದಾಗ ಅನುಮಾನ ಶುರುವಾಗುತ್ತದೆ: ಹೊಗಳಿದ ಹಾಗಾಯ್ತಾ, ಕಾಲೆಳೆದ ಹಾಗಾಯ್ತಾ? ಇಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ.

ಒಂದೇ ಮಾತಲ್ಲಿ ಹೇಳಿ, ಕ್ವರ್ಕಿ ಅಂದರೆ ಏನು?

ವಿಚಿತ್ರ, ಆದರೆ ಇಷ್ಟವಾಗುವಂಥ ವಿಚಿತ್ರ. ಮನುಷ್ಯರಿಗೂ ಹೇಳಬಹುದು, ಮನೆಗೂ ಹೇಳಬಹುದು. ಅಭ್ಯಾಸ, ಮಾತು, ಬಟ್ಟೆ, ಹೋಟೆಲ್ಲು, ಹಾಡು ಯಾವುದಕ್ಕಾದರೂ ಸರಿ.

ಡಿಕ್ಷನರಿಯಲ್ಲಿ 'ವಿಲಕ್ಷಣ' ಅಂತ ಕೊಟ್ಟಿರುತ್ತಾರಲ್ಲ, ಅದು ತಪ್ಪಾ?

ತಪ್ಪಲ್ಲ, ಅರ್ಧ ಸರಿ. ವಿಲಕ್ಷಣ ಅಂದಾಗ ಬೇರೆ ಥರ ಇರುವುದು ಮಾತ್ರ ಬಂತು, ಇಷ್ಟವಾಗುವುದು ಬಿಟ್ಟುಹೋಯ್ತು. ಅಷ್ಟೇ ಅಲ್ಲ, ಕನ್ನಡದ ಕಿವಿಗೆ ಆ ಪದದಲ್ಲಿ ಸ್ವಲ್ಪ ಭಯವೂ ಕೇಳಿಸುತ್ತದೆ. ಬೀದಿಯಲ್ಲಿ ಒಬ್ಬ ವಿಲಕ್ಷಣ ವ್ಯಕ್ತಿ ಬಂದ ಅಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ಕ್ವರ್ಕಿ ಮನುಷ್ಯ ಬಂದರೆ ಕಾಫಿ ಕುಡಿದು ಹೋಗಿ ಅಂತ ಕೂರಿಸಿಕೊಳ್ಳುತ್ತೇವೆ.

ಉಚ್ಚಾರ ಕ್ವಿರ್ಕಿನಾ, ಕ್ವರ್ಕಿನಾ?

ಕ್ವರ್ಕಿ. ಬರೆಯುವಾಗ 'ಐ' ಅಕ್ಷರ ಇರುವುದರಿಂದ ನಮ್ಮಲ್ಲಿ ತುಂಬ ಜನ ಕ್ವಿರ್ಕಿ ಅನ್ನುತ್ತಾರೆ. ಆದರೆ ಗರ್ಲ್, ಬರ್ಡ್, ಶರ್ಟ್‌ಗಳಲ್ಲಿ ಇರುವುದೂ ಅದೇ 'ಐ'. ಅವನ್ನು ಗಿರ್ಲ್, ಬಿರ್ಡ್, ಶಿರ್ಟ್ ಅನ್ನುವುದಿಲ್ಲ ತಾನೆ? ಅದೇ ಲೆಕ್ಕ. ಬ್ರಿಟಿಷರು ನಡುವಿನ 'ರ್' ನುಂಗುತ್ತಾರೆ, ಅಮೆರಿಕದವರು ನಾಲಿಗೆ ಮಡಚಿ ಹೇಳುತ್ತಾರೆ. ನೀವು ಕ್ವರ್ಕಿ ಅಂದರೆ ಇಬ್ಬರಿಗೂ ಅರ್ಥವಾಗುತ್ತದೆ.

ಒಂದು ವಿಷಯ ಕ್ವರ್ಕಿ ಅನ್ನಿಸಿಕೊಳ್ಳಬೇಕಾದರೆ ಏನೇನಿರಬೇಕು?

ಎಲ್ಲರ ಮನೆಯಲ್ಲೂ ಒಬ್ಬರು ದೊಡ್ಡಪ್ಪ ಇರುತ್ತಾರೆ. ಹೊಸ ಬಲ್ಬ್ ತಂದರೆ ಅದರ ಬುಡದಲ್ಲಿ ಮಾರ್ಕರ್ ಪೆನ್ನಿಂದ ತಾರೀಖು ಬರೆದೇ ಹೋಲ್ಡರಿಗೆ ಹಾಕುತ್ತಾರೆ. ಇಲ್ಲಿವರೆಗೆ ಅದು ಬುದ್ಧಿವಂತಿಕೆ, ಗ್ಯಾರಂಟಿ ಲೆಕ್ಕಕ್ಕೆ ಬೇಕಾಗುತ್ತದೆ. ಆಮೇಲೆ ಗಡಿಯಾರದ ಸೆಲ್ ಮೇಲೂ ಬರೆಯುತ್ತಾರೆ. ಇರಲಿ. ಮುಂದೆ ಪೊರಕೆಯ ಹಿಡಿ, ಸೋಪಿನ ಡಬ್ಬಿ, ಹವಾಯಿ ಚಪ್ಪಲಿಯ ಅಡಿ. ಉಪ್ಪಿನಕಾಯಿ ಭರಣಿಯ ಮೇಲೆ ತಾರೀಖಿನ ಜೊತೆ ಹಾಕಿದವರ ಹೆಸರೂ ಇರುತ್ತದೆ. ಈ ಹೊತ್ತಿಗೆ ಅದು ಕ್ವರ್ಕಿ ಆಗಿದೆ.

ಯಾಕೆ ಅಂತ ನೋಡಿ. ಮಾಮೂಲಿ ಜನ ಹೀಗೆ ಮಾಡುವುದಿಲ್ಲ. ಇದರಿಂದ ಯಾರಿಗೂ ತೊಂದರೆಯೂ ಇಲ್ಲ. ದೊಡ್ಡಪ್ಪ ಇದನ್ನು ನಾಲ್ಕು ಜನ ನೋಡಲಿ ಅಂತ ಮಾಡುತ್ತಿಲ್ಲ, ಅವರಿಗೆ ಇದು ಸಹಜ. ಇಷ್ಟಿದ್ದರೂ ಸಾಲದು. ಅವರ ಈ ಅಭ್ಯಾಸ ನೆನೆಸಿಕೊಂಡರೆ ನಮಗೆ ಅವರ ಮೇಲೆ ಪ್ರೀತಿ ಜಾಸ್ತಿ ಆಗುತ್ತದಲ್ಲ, ಅದು ಮುಖ್ಯ. ಇದೇ ದೊಡ್ಡಪ್ಪ ನಿಮ್ಮ ಲ್ಯಾಪ್‌ಟಾಪ್ ಮೇಲೂ ಅಳಿಸಲಾಗದ ಮಾರ್ಕರಿಂದ ಬರೆದರೆ ಆವತ್ತು ನೀವು ಕ್ವರ್ಕಿ ಅನ್ನುವುದಿಲ್ಲ. ಹೇಳುವವರ ಅಕ್ಕರೆ ಈ ಪದದೊಳಗೇ ಸೇರಿಕೊಂಡಿದೆ. ಅಕ್ಕರೆ ಇಲ್ಲದಿದ್ದರೆ ಬೇರೆ ಪದ ಹುಡುಕಬೇಕು.

ಕ್ವರ್ಕಿ ಅಂತ ಎಲ್ಲರೂ ಒಪ್ಪುವಂಥ ಒಂದು ನಿಜವಾದ ಉದಾಹರಣೆ ಇದೆಯಾ?

ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಎರಡು ಮಾತ್ರ ಹೇಳುತ್ತೇವೆ.

ಆಕ್ಸ್‌ಫರ್ಡ್ ಊರಿನ ಹೆಡಿಂಗ್ಟನ್ ಬಡಾವಣೆ. ಒಂದಕ್ಕೊಂದು ಅಂಟಿಕೊಂಡ ಸಾಧಾರಣ ಮನೆಗಳ ಸಾಲು. ಅದರಲ್ಲೊಂದು ಮನೆಯ ಸೂರಿಗೆ ಆಕಾಶದಿಂದ ಶಾರ್ಕ್ ಮೀನು ಬಿದ್ದು ಸಿಕ್ಕಿಹಾಕಿಕೊಂಡಿದೆ. ತಲೆ ಸೂರಿನೊಳಗೆ, ಬಾಲ ಮೇಲಕ್ಕೆ, ಉದ್ದ ಸುಮಾರು 25 ಅಡಿ. ಫೈಬರ್‌ಗ್ಲಾಸ್‌ನಲ್ಲಿ ಮಾಡಿದ್ದು. ಮನೆಯ ಯಜಮಾನ ಬಿಲ್ ಹೈನ್ ರೇಡಿಯೊದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವರು. ಶಿಲ್ಪಿ ಜಾನ್ ಬಕ್ಲಿ ಕೈಯಲ್ಲಿ ಮಾಡಿಸಿ 1986ರ ಆಗಸ್ಟ್ 9ರಂದು ಕೂರಿಸಿದರು. ಅವತ್ತು ನಾಗಸಾಕಿ ಮೇಲೆ ಅಣುಬಾಂಬ್ ಬಿದ್ದು 41 ವರ್ಷ. ನಗರಸಭೆಯವರು ಮೊದಲು ಅಪಾಯ ಅಂದರು. ತಪಾಸಣೆ ಮಾಡಿದರೆ ಗಟ್ಟಿಯಾಗೇ ಕೂತಿತ್ತು. ಆಮೇಲೆ ಅನುಮತಿ ಇಲ್ಲ ಅಂದರು, ಬೇಕಾದರೆ ಈಜುಕೊಳದಲ್ಲಿ ಇಡೋಣ ಅಂತಲೂ ಅಂದರು. ವ್ಯಾಜ್ಯ ಕೇಂದ್ರ ಸರ್ಕಾರದವರೆಗೂ ಹೋಗಿ 1992ರಲ್ಲಿ ಶಾರ್ಕ್ ಗೆದ್ದಿತು. ಮಜಾ ಏನಂದರೆ, ತೆಗೀರಿ ಅಂತ ಬೆನ್ನು ಬಿದ್ದಿದ್ದ ಅದೇ ನಗರಸಭೆ 2022ರಲ್ಲಿ ಅದನ್ನು ಊರಿನ ಪರಂಪರೆಯ ಪಟ್ಟಿಗೆ ಸೇರಿಸಿತು!

ಎರಡನೆಯದು ಗ್ಲಾಸ್ಗೋ ಊರಿನದು. ಅಲ್ಲಿನ ಆಧುನಿಕ ಕಲಾ ಗ್ಯಾಲರಿ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಕುದುರೆ ಮೇಲೆ ಕೂತ ಪ್ರತಿಮೆ ಇದೆ, 1844ರದ್ದು. ಈತ ನಮಗೆ ಗೊತ್ತಿರುವವನೇ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದ ಆರ್ಥರ್ ವೆಲ್ಲೆಸ್ಲಿ. ಈ ಮಹಾಶಯನ ತಲೆ ಮೇಲೆ ರಸ್ತೆ ರಿಪೇರಿಗೆ ಇಡುವ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಟೋಪಿಯ ಹಾಗೆ ಕೂತಿರುತ್ತದೆ. 1980ರ ದಶಕದಿಂದ ಇದೇ ಕಥೆ. ಪಾಲಿಕೆಯವರು ತೆಗೆಯುತ್ತಾರೆ, ರಾತ್ರಿ ಯಾರೋ ಹತ್ತಿ ಇನ್ನೊಂದು ಇಡುತ್ತಾರೆ. 2013ರಲ್ಲಿ 65,000 ಪೌಂಡ್ ಖರ್ಚು ಮಾಡಿ ಕಟ್ಟೆ ಎತ್ತರಿಸುತ್ತೇವೆ, ಯಾರೂ ಹತ್ತದ ಹಾಗೆ ಮಾಡುತ್ತೇವೆ ಅಂತ ಯೋಜನೆ ಹಾಕಿದರು. ಊರಿನ ಜನ ಸಾವಿರಾರು ಸಹಿ ಹಾಕಿ ಬೇಡ ಅಂದರು. ಯೋಜನೆ ಕೈಬಿಟ್ಟರು. ಕೋನ್ ಉಳಿಯಿತು.

ಶಾರ್ಕಿನ ಹಿಂದೆ ಯುದ್ಧದ ವಿರುದ್ಧ ಒಂದು ಸಿಟ್ಟಿದೆ. ಅದಕ್ಕೆ ಬರೀ ಕ್ವರ್ಕಿ ಅಂದರೆ ಅನ್ಯಾಯ ಅಂತಲೂ ವಾದ ಮಾಡಬಹುದು. ಕೋನ್ ಹಿಂದೆ ಯಾವ ಸಿದ್ಧಾಂತವೂ ಕಾಣುವುದಿಲ್ಲ, ಸುಮ್ನೆ ತರಲೆ. ನಮ್ಮ ಮಟ್ಟಿಗೆ ಕ್ವರ್ಕಿ ಪದಕ್ಕೆ ಕೋನೇ ಹೆಚ್ಚು ಒಪ್ಪುತ್ತದೆ.

ವಿಯರ್ಡ್, ಸ್ಟ್ರೇಂಜ್, ಆಡ್, ಎಕ್ಸೆಂಟ್ರಿಕ್ ಎಲ್ಲ ಒಂದೇ ಅಲ್ವಾ?

ಅಕ್ಕಪಕ್ಕದ ಮನೆಯವು, ಒಂದೇ ಮನೆಯವಲ್ಲ.

ಸ್ಟ್ರೇಂಜ್ ಅಂದರೆ ಪರಿಚಯ ಇಲ್ಲದ್ದು, ಲೆಕ್ಕಕ್ಕೆ ಸಿಗದ್ದು. ಮೂಲ ಲ್ಯಾಟಿನ್ ಪದದ ಅರ್ಥವೇ 'ಹೊರಗಿನದು'. ರಾತ್ರಿ ಅಟ್ಟದ ಮೇಲೆ ಸದ್ದು ಕೇಳಿದರೆ ಅದು ಸ್ಟ್ರೇಂಜ್. ಅದನ್ನು ಕ್ವರ್ಕಿ ಅಂದರೆ ನಗುತ್ತಾರೆ.

ಆಡ್ ಅಂದರೆ ಗುಂಪಿಗೆ ಸೇರದ್ದು. ಬೆಸಸಂಖ್ಯೆಗೂ ಆಡ್ ನಂಬರ್ ಅನ್ನುತ್ತಾರೆ. ಜೊತೆ ಕಳೆದುಕೊಂಡ ಕಾಲುಚೀಲ ಆಡ್. ಬೇಕು ಅಂತಲೇ ಎರಡು ಬಣ್ಣದ ಕಾಲುಚೀಲ ಹಾಕಿ ಓಡಾಡುವವರು ಕ್ವರ್ಕಿ.

ವಿಯರ್ಡ್ ಹಳೆಯ ಇಂಗ್ಲಿಷಿನಲ್ಲಿ ವಿಧಿಗೆ ಇದ್ದ ಹೆಸರು. ಶೇಕ್ಸ್‌ಪಿಯರ್ ತನ್ನ ಮೂವರು ಮಾಟಗಾತಿಯರನ್ನು 'ವಿಯರ್ಡ್ ಸಿಸ್ಟರ್ಸ್' ಅಂದಿದ್ದು ವಿಧಿಯ ಅರ್ಥದಲ್ಲಿ. ಈಗ ಅದು ಮೈ ಜುಮ್ಮೆನ್ನಿಸುವ ಅಥವಾ ಮುಜುಗರದ ವಿಚಿತ್ರಕ್ಕೆ ಬಂದು ನಿಂತಿದೆ. ಹೊಸ ಹುಡುಗರು ಗೆಳೆಯರ ನಡುವೆ ಪ್ರೀತಿಯಿಂದಲೂ ಅನ್ನುತ್ತಾರೆ, ಅದು ಅವರ ಸಲಿಗೆ. ಹೊರಗಿನವರು ಅಂದರೆ ಬೈಗುಳವೇ.

ಎಕ್ಸೆಂಟ್ರಿಕ್ ಇನ್ನೂ ದೊಡ್ಡ ಆಳು. ಗ್ರೀಕ್‌ನಲ್ಲಿ 'ಕೇಂದ್ರದಿಂದ ಆಚೆ' ಅಂತ. ಮೊದಲು ಖಗೋಳ ಶಾಸ್ತ್ರದಲ್ಲಿ ಕಕ್ಷೆಗಳ ಬಗ್ಗೆ ಹೇಳುವಾಗ ಬಳಕೆಯಲ್ಲಿತ್ತು, ಆಮೇಲೆ ಮನುಷ್ಯರಿಗೆ ಅಂಟಿತು. ಒಂದೋ ಎರಡೋ ಅಭ್ಯಾಸ ವಿಚಿತ್ರ ಇದ್ದರೆ ಕ್ವರ್ಕಿ. ಇಡೀ ಬದುಕೇ ಹಾಗಿದ್ದರೆ ಎಕ್ಸೆಂಟ್ರಿಕ್. ಇಂಗ್ಲೆಂಡಿನ ಲಾರ್ಡ್ ಬರ್ನರ್ಸ್ (1883–1950) ಅಂತ ಒಬ್ಬ ಸಂಗೀತಗಾರ ಇದ್ದ. ತನ್ನ ಬಂಗಲೆಯ ಪಾರಿವಾಳಗಳಿಗೆ ಬಣ್ಣಬಣ್ಣ ಹಚ್ಚಿ ಹಾರಿಬಿಡುತ್ತಿದ್ದ. ಕುದುರೆಯನ್ನು ನಡುಮನೆಗೆ ಕರೆಸಿ ಟೀ ಕೂಟಕ್ಕೆ ಸೇರಿಸಿಕೊಂಡದ್ದೂ ಉಂಟು. ಇದಕ್ಕೆ ಕ್ವರ್ಕಿ ಸಾಲುವುದಿಲ್ಲ. ಇನ್ನೊಂದು ಮಾತು, ಎಕ್ಸೆಂಟ್ರಿಕ್ ಅನ್ನಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ದುಡ್ಡು ಬೇಕು. ಬಡವ ಪಾರಿವಾಳಕ್ಕೆ ಬಣ್ಣ ಹಚ್ಚಿದರೆ ಊರವರು ಇಡುವ ಹೆಸರೇ ಬೇರೆ.

ಕ್ವೇಂಟ್ ಅಂತ ಇನ್ನೊಂದಿದೆ. ಅದು ಹಳೆಯ ಕಾಲದ ಚಂದಕ್ಕೆ. ಚಿಕ್ಕಮಗಳೂರಿನ ಕಡೆ ಹೆಂಚಿನ ಮನೆ, ಮರದ ಕಂಬ, ತಣ್ಣನೆ ಜಗಲಿ ನೋಡಿ ಪ್ರವಾಸಿಗರು ಕ್ವೇಂಟ್ ಅನ್ನುತ್ತಾರೆ. ಅದೇ ಜಗಲಿಯಲ್ಲಿ ಹಳೇ ಸ್ಕೂಟರಿನ ಮುಂಭಾಗ ಕತ್ತರಿಸಿ ಟೀಪಾಯಿ ಮಾಡಿದ್ದರೆ ಕ್ವರ್ಕಿ.

ಹಾಗಾದರೆ ಇದು ಯಾವಾಗಲೂ ಹೊಗಳಿಕೆನಾ?

ಹೆಚ್ಚುಪಾಲು ಹೌದು. ಆದರೆ ಇಂಗ್ಲಿಷರು ನಯವಾಗಿ ಬೇಡ ಅನ್ನುವುದಕ್ಕೂ ಇದನ್ನು ಬಳಸುತ್ತಾರೆ. ಬ್ರಿಟನ್ನಿನಲ್ಲಿ ಮನೆ ಮಾರುವ ಏಜೆಂಟರ ಜಾಹೀರಾತಿನಲ್ಲಿ 'ಕ್ವರ್ಕಿ' ಅಂತ ಕಂಡರೆ ಗೊತ್ತಿದ್ದವರು ಹುಷಾರಾಗುತ್ತಾರೆ. ಬಚ್ಚಲಿಗೆ ಮಲಗುವ ಕೋಣೆ ದಾಟಿಯೇ ಹೋಗಬೇಕು, ಮೆಟ್ಟಿಲ ಮೇಲೆ ತಲೆ ಬಗ್ಗಿಸಬೇಕು, ಒಂದು ಗೋಡೆಯೂ ನೆಟ್ಟಗಿಲ್ಲ ಅಂತ ಅದರರ್ಥ. ನಮ್ಮಲ್ಲಿ ಹೆಣ್ಣು ನೋಡಿ ಬಂದವರು 'ಹುಡುಗಿ ಲಕ್ಷಣವಾಗಿದ್ದಾಳೆ' ಅಂತ ಎಳೆದು ಹೇಳಿದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು ತಾನೆ, ಅದೇ ಥರ.

ನಿಮ್ಮ ಬರಹ ಓದಿ ಯಾರಾದರೂ 'ಇಂಟರೆಸ್ಟಿಂಗ್, ಕ್ವರ್ಕಿ' ಅಂದು ಅಲ್ಲಿಗೇ ಮಾತು ನಿಲ್ಲಿಸಿದರೆ ತೀರಾ ಖುಷಿಪಡಬೇಡಿ. ಮುಂದೆ ಯಾಕೆ ಇಷ್ಟವಾಯ್ತು ಅಂತ ಎರಡು ಮಾತು ಹೇಳಿದರೆ ಅದು ನಿಜವಾದ ಮೆಚ್ಚುಗೆ.

ನನ್ನ ಬಗ್ಗೆ ನಾನೇ ಕ್ವರ್ಕಿ ಅಂತ ಬರೆದುಕೊಳ್ಳಬಹುದಾ?

ಬರೆದುಕೊಳ್ಳುವವರು ಬಹಳ ಇದ್ದಾರೆ. ಇನ್‌ಸ್ಟಾಗ್ರಾಂ ಪರಿಚಯದಲ್ಲಿ, ಡೇಟಿಂಗ್ ಆ್ಯಪ್‌ನಲ್ಲಿ, ಈಗೀಗ ಮ್ಯಾಟ್ರಿಮೋನಿ ಸೈಟಿನಲ್ಲೂ. ನಮ್ಮ ಸಲಹೆ ಬೇಡ ಅಂತ. 'ನಾನು ತುಂಬ ಸರಳ ವ್ಯಕ್ತಿ' ಅಂತ ತಾವೇ ಹೇಳಿಕೊಳ್ಳುವವರನ್ನು ನಾವು ಎಷ್ಟು ನಂಬುತ್ತೇವೋ ಇದನ್ನೂ ಅಷ್ಟೇ ನಂಬುತ್ತಾರೆ. ಅದರ ಬದಲು ಆ ವಿಚಿತ್ರ ಅಭ್ಯಾಸ ಏನು ಅಂತಲೇ ಬರೆಯಿರಿ. 'ಬಸ್ ಟಿಕೆಟ್ ನಂಬರ್ ಕೂಡಿಸಿ ಒಂಬತ್ತು ಬಂದರೆ ಎತ್ತಿಡುತ್ತೇನೆ' ಅಂತ ಒಂದು ಸಾಲು ಸಾಕು. ಕ್ವರ್ಕಿ ಅನ್ನುವುದನ್ನು ಓದಿದವರು ಅಂದುಕೊಳ್ಳುತ್ತಾರೆ.

ಕೆಲಸದ ಅರ್ಜಿಯಲ್ಲಂತೂ ಹಾಕಲೇಬೇಡಿ. ಎಚ್‌ಆರ್‌ನವರು ಅದನ್ನು 'ಟೀಮ್ ಜೊತೆ ಹೊಂದಿಕೊಳ್ಳುವುದಿಲ್ಲ' ಅಂತ ಓದಿಕೊಳ್ಳುವ ಸಂಭವ ಇದೆ.

ಯಾರ ಬಗ್ಗೆ, ಯಾವುದರ ಬಗ್ಗೆ ಈ ಪದ ಬಳಸಬಾರದು?

ಇಲ್ಲಿ ಸ್ವಲ್ಪ ಗಂಭೀರವಾಗಿ ಹೇಳಬೇಕು. ಯಾರಿಗೋ ಮಾತು ತೊದಲುತ್ತದೆ, ಯಾರಿಗೋ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಆಗುವುದಿಲ್ಲ, ಯಾರೋ ಬೀಗ ಹಾಕಿದ್ದೇನಾ ಅಂತ ಹತ್ತು ಸಲ ವಾಪಸ್ ಬಂದು ನೋಡುತ್ತಾರೆ. ಇದನ್ನೆಲ್ಲ ಕ್ವರ್ಕಿ ಅನ್ನುವುದು ಸರಿಯಲ್ಲ. ಕೊನೆಯದು ಗೀಳು ಕಾಯಿಲೆಯ ಲಕ್ಷಣ ಇರಬಹುದು, ಅದರಲ್ಲಿ ಒದ್ದಾಡುವವರಿಗೆ ಅದು ಮುದ್ದಾದ ಅಭ್ಯಾಸ ಅಲ್ಲ, ಹಿಂಸೆ. ನೀವು ಪ್ರೀತಿಯಿಂದಲೇ ಅಂದರೂ ಅವರ ಕಷ್ಟವನ್ನು ಆಟಿಕೆ ಮಾಡಿದ ಹಾಗಾಗುತ್ತದೆ.

ಇನ್ನೊಬ್ಬರ ಪೂಜೆ, ಊಟ, ಉಡುಗೆಗೂ ಬೇಡ. ಹೊರದೇಶದಿಂದ ಬಂದವರು ಭೂತದ ಕೋಲ ನೋಡಿ ಕ್ವರ್ಕಿ ಅಂದರೆ ಕರಾವಳಿಯವರಿಗೆ ಹೇಗನ್ನಿಸುತ್ತದೆ? ನಾವು ಬೇರೆಯವರ ಆಚರಣೆಗೆ ಅಂದರೂ ಅವರಿಗೆ ಹಾಗೇ ಅನ್ನಿಸುತ್ತದೆ.

ಮೇಲಧಿಕಾರಿಗೆ ಎದುರಿಗೆ ಹೇಳುವುದೂ ಜಾಣತನ ಅಲ್ಲ. ಅವರು ನಿವೃತ್ತಿಯಾಗುವ ದಿನ ಹೇಳಿ, ಚಪ್ಪಾಳೆ ಬೀಳುತ್ತದೆ.

ಸಿನಿಮಾ ವಿಮರ್ಶೆಗಳಲ್ಲಿ ನಾಯಕಿ ಕ್ವರ್ಕಿ ಅಂತ ಬರೆಯುತ್ತಾರಲ್ಲ, ಯಾಕೆ?

ಯಾಕೆಂದರೆ ಹಾಗೆ ಒಂದು ಅಚ್ಚು ತಯಾರಾಗಿ ಕೂತಿದೆ. ಮಳೆಯಲ್ಲಿ ಕುಣಿಯುತ್ತಾಳೆ, ಅಪರಿಚಿತರ ಜೊತೆ ಹರಟುತ್ತಾಳೆ, ಮುಖ ಗಂಟಿಕ್ಕಿಕೊಂಡ ನಾಯಕನಿಗೆ ಬದುಕುವುದನ್ನು ಕಲಿಸುತ್ತಾಳೆ. ಅವಳಿಗೇ ಅಂತ ಒಂದು ಗುರಿ, ಒಂದು ಕಷ್ಟ ಏನೂ ಇರುವುದಿಲ್ಲ. ಅಮೆರಿಕದ ವಿಮರ್ಶಕ ನೇಥನ್ ರೇಬಿನ್ 2007ರಲ್ಲಿ ಇಂಥ ಪಾತ್ರಕ್ಕೆ 'ಮ್ಯಾನಿಕ್ ಪಿಕ್ಸಿ ಡ್ರೀಮ್ ಗರ್ಲ್' ಅಂತ ಹೆಸರಿಟ್ಟ. ಹೆಸರು ಎಷ್ಟು ಹಬ್ಬಿತು ಅಂದರೆ, ಸ್ವಲ್ಪ ಲವಲವಿಕೆ ಇರುವ ಹೆಣ್ಣು ಪಾತ್ರಕ್ಕೆಲ್ಲ ಅಂಟಿಸತೊಡಗಿದರು. 2014ರಲ್ಲಿ ರೇಬಿನ್ನೇ ಈ ಹೆಸರು ಹುಟ್ಟುಹಾಕಿದ್ದಕ್ಕೆ ಕ್ಷಮೆ ಕೇಳಿ ಬರೆದ.

ಕನ್ನಡ, ತಮಿಳು, ಹಿಂದಿ ಸಿನಿಮಾಗಳಲ್ಲಿ 'ಬಬ್ಲಿ' ನಾಯಕಿ ಅನ್ನುತ್ತಾರಲ್ಲ, ಅವಳು ಇವಳ ದೂರದ ನೆಂಟಳು. ವಿಮರ್ಶೆ ಬರೆಯುವವರಿಗೆ ಒಂದು ಮಾತು: ಪಾತ್ರ ಕ್ವರ್ಕಿ ಅಂತ ಬರೆಯುವ ಮುಂಚೆ ಆ ಚಮತ್ಕಾರ ಬಿಟ್ಟು ಪಾತ್ರಕ್ಕೆ ಬೇರೇನಿದೆ ಅಂತ ನೋಡಿ. ಏನೂ ಇಲ್ಲದಿದ್ದರೆ ಅದನ್ನೇ ಬರೆಯಿರಿ.

ಪದ ಎಲ್ಲಿಂದ ಬಂತು?

ಮೂಲ ಪದ ಕ್ವರ್ಕ್. 16ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು. ಅದಕ್ಕಿಂತ ಹಿಂದೆ ಯಾವ ಭಾಷೆಯಲ್ಲಿತ್ತು ಅನ್ನುವುದು ಪಂಡಿತರಿಗೂ ಬಗೆಹರಿದಿಲ್ಲ. ಆಗ ಅದರ ಅರ್ಥ ವಕೀಲರ ಮಾತಿನ ತಿರುವು, ನುಣುಚಿಕೊಳ್ಳುವ ಕಿತಾಪತಿ. ಶೇಕ್ಸ್‌ಪಿಯರ್ ನಾಟಕದಲ್ಲಿ ಮಾತಿನ ಚಟಾಕಿ ಅನ್ನುವ ಅರ್ಥದಲ್ಲೂ ಬರುತ್ತದೆ.

ಇನ್ನೊಂದು ಕಡೆ ಕೈಕೆಲಸದವರ ನಡುವೆಯೂ ಈ ಪದ ಇತ್ತು, ಈಗಲೂ ಇದೆ. ಬಡಗಿಗಳು ಮರದ ಪಟ್ಟಿಯಲ್ಲಿ ಉಬ್ಬಿನ ಪಕ್ಕ ಕೊರೆಯುವ ಚೂಪಾದ ತೋಡಿಗೆ ಕ್ವರ್ಕ್ ಅನ್ನುತ್ತಾರೆ. ಕೈಗವಸು ಹೊಲಿಯುವವರು ಎರಡು ಬೆರಳು ಸೇರುವ ಬುಡದಲ್ಲಿ ವಜ್ರದ ಆಕಾರದ ಚಿಕ್ಕ ತುಂಡು ಚರ್ಮ ಸೇರಿಸುತ್ತಾರೆ. ಬೆರಳು ಅಗಲಿಸಿದಾಗ ಹೊಲಿಗೆ ಬಿಡದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಅದೂ ಕ್ವರ್ಕ್. ಕೈಬರಹದಲ್ಲಿ ಅಕ್ಷರದ ಕೊನೆಗೆ ಎಳೆಯುವ ವಂಕಿಗೂ ಇದೇ ಹೆಸರು. ನೇರ ಹೋಗುತ್ತಿದ್ದದ್ದು ತಟ್ಟನೆ ತಿರುಗುವುದು, ಮಡಚುವುದು, ಇದೇ ಎಲ್ಲದರಲ್ಲೂ ಇರುವ ಎಳೆ.

ಕ್ವರ್ಕಿ ಅನ್ನುವ ರೂಪ 19ನೇ ಶತಮಾನದ ಶುರುವಿನಲ್ಲಿ ಬಂತು. ಆಗ ಅದು ಒಳ್ಳೆಯ ಮಾತಾಗಿರಲಿಲ್ಲ, 'ನಂಬಲಾಗದವನು, ಜಾರಿಕೊಳ್ಳುವವನು' ಅಂತಿತ್ತು. ಈಗಿನ ಮುದ್ದು ಅರ್ಥ ಗಟ್ಟಿಯಾಗಿದ್ದು 20ನೇ ಶತಮಾನದ ನಡುವಿನಿಂದ ಈಚೆಗೆ.

ಮಗ್ಗು, ದಿಂಬಿನ ಕವರು, ಕೀಚೈನು ಎಲ್ಲಕ್ಕೂ ಕ್ವರ್ಕಿ ಅನ್ನುತ್ತಾರಲ್ಲ?

ಭಾರತದ ಇಂಗ್ಲಿಷಿನಲ್ಲಿ ಇದು ಕಳೆದ ಹದಿನೈದು ವರ್ಷದ ಬೆಳವಣಿಗೆ. ಬೆಂಗಳೂರಿನಲ್ಲಿ 2010ರಲ್ಲಿ ಚುಂಬಕ್ ಅನ್ನುವ ಕಂಪನಿ ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ಟುಗಳಿಂದ ಶುರುವಾಯಿತು. ಆಟೋರಿಕ್ಷಾ, ಆನೆ, ಮೀಸೆ ಮಾಮ, ಕಡುಬಣ್ಣ. ಆ ಥರದ ಡಿಸೈನಿಗೆ ಇಂಗ್ಲಿಷ್ ಪತ್ರಿಕೆಯವರು ಕ್ವರ್ಕಿ ಅಂದರು, ಮಿಕ್ಕವರೂ ಅದೇ ದಾರಿ ಹಿಡಿದರು. ಈಗ ಯಾವ ಸೈಟಿಗೆ ಹೋದರೂ 'ಕ್ವರ್ಕಿ ಗಿಫ್ಟ್ಸ್' ಅಂತ ಒಂದು ವಿಭಾಗವೇ ಇರುತ್ತದೆ.

ಆಟೋ ಚಿತ್ರದ ಮಗ್ಗು ಮೊದಲ ಸಲ ಬಂದಾಗ ನಿಜಕ್ಕೂ ಹೊಸದಾಗಿತ್ತು. ಎಲ್ಲರ ಮೇಜಿನ ಮೇಲೂ ಅದೇ ಇದ್ದರೆ ಅದು ಮಾಮೂಲಿ ಮಗ್ಗು. ಅದಕ್ಕಿಂತ ಆಟೋದ ಹಿಂದೆ ಡ್ರೈವರಣ್ಣ ಸ್ವಂತ ಖರ್ಚಲ್ಲಿ ಬರೆಸಿದ ಸಾಲೇ ವಾಸಿ. ತಾಯಿಯ ಆಶೀರ್ವಾದದ ಕೆಳಗೇ ಕೈಕೊಟ್ಟ ಹುಡುಗಿಗೆ ಒಂದು ಧಿಕ್ಕಾರ, ಅದರ ಕೆಳಗೆ 'ಹಾರ್ನ್ ಮಾಡಿ'. ಕ್ವರ್ಕಿ ಅಂದರೆ ಅದು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಏನು?

ಒಂದೇ ಪದ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಮಾತಿನಲ್ಲಿ ಮಾತ್ರ ನಾವು ಇದನ್ನು ದಿನಾ ಹೇಳುತ್ತಲೇ ಇರುತ್ತೇವೆ.

ಬೆಂಗಳೂರು ಮೈಸೂರು ಕಡೆ 'ಒಂಥರಾ' ಇದೆಯಲ್ಲ, ಅದು ಬಹಳ ಕೆಲಸ ಮಾಡುತ್ತದೆ. 'ಅವನು ಒಂಥರಾ' ಅಂತ ದನಿ ಇಳಿಸಿದರೆ ದೂರು. 'ಒಂಥರಾ ಚೆನ್ನಾಗಿದೆ ಕಣ್ರೀ' ಅಂದರೆ ಕ್ವರ್ಕಿ. ಧಾರವಾಡದ ಕಡೆ 'ಒಂದ್ ನಮೂನಿ' ಅನ್ನುತ್ತಾರೆ, ಅದಕ್ಕೂ ದನಿಯೇ ಅರ್ಥ ಕೊಡಬೇಕು. 'ಅವರ ಸ್ಟೈಲೇ ಬೇರೆ', 'ಅವರ ಲೆಕ್ಕಾನೇ ಬೇರೆ' ಅನ್ನುವುದರಲ್ಲಿ ಮೆಚ್ಚುಗೆ ಜಾಸ್ತಿ. 'ಖಯಾಲಿ' ಹತ್ತಿರ ಬರುತ್ತದೆ, ಆದರೆ ಅದು ಮನುಷ್ಯರ ಹುಚ್ಚಿಗೆ ಮಾತ್ರ, ಕುರ್ಚಿ ಮೇಜಿಗೆ ಆಗುವುದಿಲ್ಲ. 'ತಿಕ್ಕಲು' ಒರಟು, ಸಲಿಗೆ ಇದ್ದರೆ ಮಾತ್ರ. 'ಚಾಳಿ' ಬೇಡವೇ ಬೇಡ, ಅದು ಕೆಟ್ಟ ಅಭ್ಯಾಸ. 'ತರಲೆ' ಬೇಕು ಅಂತ ಮಾಡುವ ಚೇಷ್ಟೆ, ಕ್ವರ್ಕಿ ಆಗಲು ಬೇಕು ಅಂತ ಮಾಡಬೇಕಿಲ್ಲ.

ಅನುವಾದ ಮಾಡುವವರಿಗೆ ನಮ್ಮ ಸಲಹೆ ಇಷ್ಟು. ಪದಕ್ಕೆ ಪದ ಇಡಬೇಡಿ, ಸಂದರ್ಭ ನೋಡಿ. ಕ್ವರ್ಕಿ ಕೆಫೆ ಬಂದರೆ 'ಒಂಥರಾ ಮಜವಾಗಿರುವ ಕೆಫೆ'. ಕ್ವರ್ಕಿ ಪ್ರೊಫೆಸರ್ ಬಂದರೆ 'ತಮ್ಮದೇ ಲಹರಿಯಲ್ಲಿರುವ ಮೇಷ್ಟ್ರು'. ಕ್ವರ್ಕಿ ಸೆನ್ಸ್ ಆಫ್ ಹ್ಯೂಮರ್ ಇದ್ದರೆ 'ಅವಳ ತಮಾಷೆಗಳೇ ಬೇರೆ ಥರ'. ಹಾಗೇ ಕ್ವರ್ಕಿ ಅಂತ ಬಿಟ್ಟರೂ ಈಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಓದುವವರು ಯಾವ ಊರಿನವರು, ಯಾವ ತಲೆಮಾರಿನವರು ಅನ್ನುವುದರ ಮೇಲೆ ಹೋಗುತ್ತದೆ.

ಕನ್ನಡದವರಲ್ಲಿ ಯಾರನ್ನು, ಏನನ್ನು ಕ್ವರ್ಕಿ ಅನ್ನಬಹುದು?

ಮೊದಲು ನೆನಪಾಗುವುದು ಬೀಚಿ (1913–1980). ರಾಯಸಂ ಭೀಮಸೇನರಾವ್ ತಮ್ಮ ಕಾವ್ಯನಾಮವನ್ನು ಹೇಗೆ ಬರೆಯುತ್ತಿದ್ದರು ನೆನಪಿದೆಯಾ? ಮೊದಲ ಅಕ್ಷರ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಪುಸ್ತಕದ ಮುಖಪುಟದ ಮೇಲೂ ಹಾಗೇ. ನಾವಿಲ್ಲಿ ಪೂರ್ತಿ ಕನ್ನಡದಲ್ಲಿ ಬರೆದಿದ್ದೇವೆ, ಅದರಿಂದ ಅರ್ಧ ಮಜಾ ಹೋಯಿತು. ಹೆಸರಿನಲ್ಲೇ ಓದುವವರ ಕಣ್ಣು ಎಡವುವ ಹಾಗೆ ಮಾಡಿ ನಗಿಸುವುದು ಎಲ್ಲರಿಗೂ ಹೊಳೆಯುವುದಿಲ್ಲ.

ಕೈಲಾಸಂ ಬಗ್ಗೆ ಹೇಳುವುದೇ ಬೇಡ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮನೆಮಾತಿನ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ನಾಟಕ ಬರೆದು, 'ಕನ್ನಡಕ್ಕೊಬ್ಬನೇ ಕೈಲಾಸಂ' ಅನ್ನಿಸಿಕೊಂಡವರು. ಆದರೆ ಮೇಲಿನ ಲೆಕ್ಕದಲ್ಲಿ ಅವರು ಎಕ್ಸೆಂಟ್ರಿಕ್ ಕಡೆಗೇ ವಾಲುತ್ತಾರೆ ಅನ್ನಬಹುದು. ಸಿನಿಮಾದಲ್ಲಿ ಉಪೇಂದ್ರ. 1998ರಲ್ಲಿ ಒಂದೇ ಅಕ್ಷರದ ಹೆಸರಿಟ್ಟು ಸಿನಿಮಾ ಮಾಡಿದರು, 2010ರಲ್ಲಿ ಅಕ್ಷರವೂ ಬೇಡ ಅಂತ ಬೆರಳಿನ ಸನ್ನೆಯ ಚಿತ್ರವನ್ನೇ ಹೆಸರಾಗಿಟ್ಟರು. ಜನ ಅದನ್ನು 'ಸೂಪರ್' ಅಂತ ಓದಿಕೊಂಡರು.

ವ್ಯಾಕರಣ ಸ್ವಲ್ಪ ಹೇಳಿ. ಬೇರೆ ರೂಪಗಳು ಯಾವುವು?

ಕ್ವರ್ಕಿ ಗುಣವಾಚಕ. ಹೆಚ್ಚು ಕಡಿಮೆ ಹೇಳಲು ಕ್ವರ್ಕಿಯರ್, ಕ್ವರ್ಕಿಯೆಸ್ಟ್. ಗುಣದ ಹೆಸರು ಕ್ವರ್ಕಿನೆಸ್. ಒಂದು ನಿರ್ದಿಷ್ಟ ವಿಚಿತ್ರ ಅಭ್ಯಾಸಕ್ಕೆ ಕ್ವರ್ಕ್, ಹಲವು ಇದ್ದರೆ ಕ್ವರ್ಕ್ಸ್. ಹುಬ್ಬು ಹಾರಿಸುವುದಕ್ಕೆ, ತುಟಿ ಸೊಟ್ಟ ಮಾಡುವುದಕ್ಕೆ ಕ್ವರ್ಕ್ ಅಂತ ಕ್ರಿಯಾಪದವೂ ಇದೆ, ಅದು ಕಾದಂಬರಿಗಳಲ್ಲಿ ಜಾಸ್ತಿ. 'ಕ್ವರ್ಕ್ ಆಫ್ ಫೇಟ್' ಅಂದರೆ ವಿಧಿಯಾಟ. ಅಲ್ಲಿ ಮುದ್ದು, ಅಕ್ಕರೆ ಏನೂ ಇಲ್ಲ ಅನ್ನುವುದನ್ನು ಗಮನಿಸಿ. ದುರಂತದ ಸುದ್ದಿಯಲ್ಲೂ ಅದು ಬರುತ್ತದೆ.

ಸಾಫ್ಟ್‌ವೇರ್‌ನವರು ಹೇಳುವ 'ಕ್ವರ್ಕ್ಸ್ ಮೋಡ್' ಅಂದರೆ?

ಬ್ರೌಸರಿನ ಒಂದು ಹಳೆಯ ಹೊಂದಾಣಿಕೆ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ತಮ್ಮ ತಮ್ಮ ಮನಸ್ಸಿಗೆ ಬಂದ ಹಾಗೆ ಪುಟ ತೋರಿಸುತ್ತಿದ್ದವು. ಪುಟ ಬರೆಯುವವರೂ ಅದಕ್ಕೆ ತಕ್ಕ ಹಾಗೆ ಬರೆದರು. ಆಮೇಲೆ ಎಲ್ಲರಿಗೂ ಒಂದೇ ನಿಯಮ ಅಂತಾದಾಗ ಹಳೆಯ ಪುಟಗಳು ಚೆಲ್ಲಾಪಿಲ್ಲಿ ಆಗುವ ಪರಿಸ್ಥಿತಿ ಬಂತು. ಅದಕ್ಕೊಂದು ಉಪಾಯ ಮಾಡಿದರು. ಪುಟದ ಮೊದಲ ಸಾಲಿನಲ್ಲಿ ಡಾಕ್‌ಟೈಪ್, ಅಂದರೆ ಪುಟ ಯಾವ ನಿಯಮದ್ದು ಅಂತ ಹೇಳುವ ಗುರುತು, ಸರಿಯಾಗಿದ್ದರೆ ಹೊಸ ನಿಯಮ, ಇಲ್ಲದಿದ್ದರೆ ಹಳೆಯ ತಿಕ್ಕಲುಗಳನ್ನೆಲ್ಲ ಹಾಗೇ ಅನುಕರಿಸುವುದು. ಆ ಎರಡನೆಯದೇ ಕ್ವರ್ಕ್ಸ್ ಮೋಡ್. 2000ದಲ್ಲಿ ಮ್ಯಾಕ್‌ಗೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಈ ಏರ್ಪಾಡು ಶುರುವಾಯಿತು, ಇವತ್ತಿನ ಬ್ರೌಸರುಗಳಲ್ಲೂ ಉಳಿದಿದೆ.

ಇನ್ನು 'ಈ ಸಿಸ್ಟಂಗೆ ಒಂದೆರಡು ಕ್ವರ್ಕ್ಸ್ ಇವೆ' ಅಂತ ಸೀನಿಯರ್ ಇಂಜಿನಿಯರ್ ಹೇಳಿದರೆ, 'ಬಗ್ ಇದೆ, ಸರಿ ಮಾಡುವ ಯೋಚನೆ ಇಲ್ಲ' ಅಂತ ತಿಳಿದುಕೊಳ್ಳಿ.

ಭಾಷಾಶಾಸ್ತ್ರದಲ್ಲೂ 'ಕ್ವರ್ಕಿ ಸಬ್ಜೆಕ್ಟ್' ಅಂತ ಇದೆಯಂತೆ, ಹೌದಾ?

ಹೌದು, ಇದು ಕನ್ನಡದವರಿಗೆ ಖುಷಿ ಕೊಡುವ ವಿಷಯ. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಚಳಿಯಾಗಿದೆ ಅನ್ನಲು 'ನಾನು' ಅಂತ ಶುರು ಮಾಡುವುದಿಲ್ಲ, 'ನನಗೆ' ಅಂತ ಶುರು ಮಾಡುತ್ತಾರೆ. ಕರ್ತೃ ಅಂದರೆ ಪ್ರಥಮಾ ವಿಭಕ್ತಿಯಲ್ಲೇ ಇರಬೇಕು ಅಂದುಕೊಂಡಿದ್ದ ಭಾಷಾಶಾಸ್ತ್ರದವರಿಗೆ ಇದು ವಿಚಿತ್ರ ಕಂಡಿತು. ಹಾಗಾಗಿ ಕ್ವರ್ಕಿ ಸಬ್ಜೆಕ್ಟ್ ಅಂದರು. 1980ರ ದಶಕದಲ್ಲಿ ಇದರ ಮೇಲೆ ಭಾರಿ ಚರ್ಚೆ ನಡೆಯಿತು.

ನಮಗೆ ಇದರಲ್ಲಿ ವಿಚಿತ್ರ ಏನಿದೆ? ನನಗೆ ಹಸಿವಾಗಿದೆ. ನನಗೆ ಕನ್ನಡ ಬರುತ್ತೆ. ಅವಳಿಗೆ ಸಿಟ್ಟು ಬಂತು. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಬೆಳಿಗ್ಗೆ ಎದ್ದರೆ ಇಂಥದ್ದೇ ಮಾತು. ದ್ರಾವಿಡ ಭಾಷೆಗಳ ಬಗ್ಗೆ ಬರೆಯುವವರು ಇದಕ್ಕೆ ಕ್ವರ್ಕಿ ಅನ್ನದೆ 'ಡೇಟಿವ್ ಸಬ್ಜೆಕ್ಟ್', ಅಂದರೆ ಚತುರ್ಥಿಯಲ್ಲಿರುವ ಕರ್ತೃ ಅನ್ನುವುದೇ ಹೆಚ್ಚು. ಯಾವುದು ವಿಚಿತ್ರ ಅನ್ನುವುದು ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ ಅಲ್ವಾ!

ಭೌತಶಾಸ್ತ್ರದ ಕ್ವಾರ್ಕ್ ಇದೇ ಪದನಾ?

ಅಲ್ಲ. ಅದು 1964ರಲ್ಲಿ ಮರ್ರಿ ಗೆಲ್‌ಮನ್ ಮೂಲಕಣಗಳಿಗೆ ಇಟ್ಟ ಹೆಸರು. ಆದರೆ ಕ್ವಾರ್ಕ್‌ಗಳಲ್ಲಿ ಒಂದು ಬಗೆಗೆ 'ಸ್ಟ್ರೇಂಜ್', ಇನ್ನೊಂದಕ್ಕೆ 'ಚಾರ್ಮ್' ಅಂತ ಹೆಸರಿದೆ. ಎರಡನ್ನೂ ಸೇರಿಸಿದರೆ ಕ್ವರ್ಕಿ ಅಂತ ಯಾರಾದರೂ ಜೋಕ್ ಮಾಡಿಯೇ ಇರುತ್ತಾರೆ.

ಎಂಎ ಇಂಗ್ಲಿಷಿನಲ್ಲಿ 'ಕ್ವರ್ಕ್ ಅಂಡ್ ಗ್ರೀನ್‌ಬಾಮ್' ಅಂತ ವ್ಯಾಕರಣ ಪುಸ್ತಕ ಓದಿದ್ದೆವು. ಆ ಕ್ವರ್ಕ್ ಯಾರು?

ರ್‍ಯಾಂಡಾಲ್ಫ್ ಕ್ವರ್ಕ್ (1920–2017). ಬ್ರಿಟನ್ನಿನ ದೊಡ್ಡ ವ್ಯಾಕರಣಕಾರ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವೆ ಇರುವ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದವರು, ಕ್ವರ್ಕ್ ಅನ್ನುವುದು ಆ ಕಡೆಯ ಮನೆತನದ ಹೆಸರು. ಈ ಪದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೂವರು ಸಂಗಡಿಗರ ಜೊತೆ ಸೇರಿ ಅವರು 1985ರಲ್ಲಿ ತಂದ ದೊಡ್ಡ ವ್ಯಾಕರಣ ಗ್ರಂಥಕ್ಕೆ 1,700ಕ್ಕೂ ಹೆಚ್ಚು ಪುಟ. ಲೇಖಕರ ಹೆಸರು ಬಿಟ್ಟರೆ ಅದರಲ್ಲಿ ಕ್ವರ್ಕಿ ಅನ್ನುವಂಥದ್ದು ಹುಡುಕಬೇಕು.